ಗಿಡ್ಡ ಕ್ರ್ಯಾಂಕಿನ ಸೈಕಲ್ಲು

ಪೆಡಲು ಮೇಲಕ್ಕೆ ಬಂದಾಗಲೆಲ್ಲ ನನ್ನ ಬಲಮೊಣಕಾಲಿನ ಚಿಪ್ಪಿನಡಿ ಯಾರೋ ಉಳಿ ತೂರಿಸಿ ಮೀಟಿದಂತಾಗುತ್ತಿತ್ತು. ಕೆಳಕ್ಕೆ ಹೋದಾಗ ಬಿಡುತ್ತಿತ್ತು. ಮತ್ತೆ ಮೇಲೆ ಬಂತೋ, ಮತ್ತೆ ಮೀಟು. ಅಂಕೋಲೆ ಪಕ್ಕದ ಕೇಣಿಯ ಸಮುದ್ರದ ದಡದಲ್ಲಿ ಮೀನು ತುಂಬಿಕೊಂಡು ಹಿಲ್ಲೂರಿನವರೆಗೆ ತುಳಿಯುವವನಿಗೆ ಪೆಡಲು ಎಷ್ಟು ಸಲ ಮೇಲೆ ಬರುತ್ತದೆಂದು ಯೋಚಿಸಿದರೆ ತಲೆ ಕೆಡುತ್ತದೆ. ನಾನು ಯೋಚಿಸಲಿಲ್ಲ. ಹಲ್ಲು ಕಚ್ಚಿ ತುಳಿದೆ.

ನೋವನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ, ಹೆದರಿಕೆಯನ್ನು ನುಂಗಲು ಆಗಲಿಲ್ಲ. ಈ ಕಾಲು ಹೋಯಿತೆಂದರೆ ನನಗೆ ಉಳಿಯುವುದು ಅಣ್ಣನ ದೋಣಿ ಮಾತ್ರ. ನನಗೋ ಸಮುದ್ರವೆಂದರೆ ಭಯ. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವನು ಈ ಮಾತನ್ನು ಯಾರ ಮುಂದೆ ಹೇಳಬೇಕು? ಚಿಕ್ಕವನಿದ್ದಾಗ ಮುಳುಗಿ ಬದುಕಿದ ಕಥೆಯಾದರೂ ಇದ್ದಿದ್ದರೆ ಅದನ್ನೇ ಮುಂದೆ ಮಾಡಿ ಬಚಾವಾಗಬಹುದಿತ್ತು. ಅಂಥದ್ದೂ ಇಲ್ಲ. ಕಾಲಡಿಯ ಹಲಗೆಯಡಿ ನೆಲವಿಲ್ಲ ಅನ್ನುವುದೇ ನನಗೆ ಹೆದರಲು ಸಾಕಾಗಿತ್ತು. ಅದಕ್ಕೇ ಮೀಸೆ ಮೂಡುವ ಹೊತ್ತಿಗೆ ಸೈಕಲ್ ಹಿಡಿದಿದ್ದೆ. ಅಣ್ಣ ಹಿಡಿದ ಬಂಗಡೆ, ತಾರ್ಲೆ ಮೀನುಗಳನ್ನು ಬರ್ಫದ ಗಡ್ಡೆ ತುಂಬಿದ ಪೆಟ್ಟಿಗೆಗೆ ಹಾಕಿ, ಹಳೆ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದು, ಸಮುದ್ರಕ್ಕೆ ಬೆನ್ನು ಮಾಡಿ ಕಾಡಿನ ಕಡೆಯ ಊರುಗಳಿಗೆ ಮಾರಲು ಹೊರಡುವುದೆಂದರೆ ನನಗೆ ದಿನವೂ ಒಂದು ಬಿಡುಗಡೆ.

"ಸೈಕಲ್ ಬಿಟ್ಹಾಕು ತಮಾ. ದೋಣಿಗೆ ಬಾ. ದೋಣಿಲಿ ಮೊಣಕಾಲಿಗೆ ಎಂತಾ ಕೆಲ್ಸ ಅದೆ?" ನಾನು ಕುಂಟುವುದನ್ನು ನೋಡಿದಾಗಲೆಲ್ಲ ಅಣ್ಣ ಹೀಗೆ ಅನ್ನುತ್ತಿದ್ದ. ನಾನು ಕೇಳಿಸದವನಂತೆ ಟೈರು ಒತ್ತಿ ಗಾಳಿ ನೋಡುತ್ತಿದ್ದೆ. ಅವನು ಬೇಕೆಂದೇ ನನ್ನ ಪುಕ್ಕಲುತನವನ್ನು ಚುಚ್ಚುತ್ತಿದ್ದಾನೆ ಎಂದು ಮೈ ಉರಿಯುತ್ತಿತ್ತು.

ಕಾರವಾರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಮೊಣಕಾಲನ್ನು ಮಡಚಿ, ಬಿಡಿಸಿ, ಅಂಗೈ ಇಟ್ಟು ನೋಡಿದರು. ಮೂಳೆ ಇನ್ನೂ ಹಾಳಾಗಿಲ್ಲ, ಹೀಗೇ ತುಳಿದರೆ ಹಾಳಾಗುತ್ತದೆ, ಕಾಲು ಅತಿಯಾಗಿ ಮಡಚದ ಕೆಲಸ ಮಾಡು ಅಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ದಾರಿಯುದ್ದಕ್ಕೂ ಸಮುದ್ರವೇ. ನಾನು ಎದ್ದು ಆಚೆ ಬದಿಯ ಸೀಟಿಗೆ ಹೋಗಿ ಕೂತೆ.

ದಾರಿ ಕಂಡದ್ದು ಆಕಸ್ಮಿಕವಾಗಿ. ಒಂದು ದಿನ ಅಂಕೋಲೆಯ ಸೈಕಲ್ ಅಂಗಡಿಯಲ್ಲಿ ನನ್ನ ಸೈಕಲ್ಲಿನ ಪಂಕ್ಚರು ಹಾಕಿಸುತ್ತಿದ್ದೆ. ಅಷ್ಟರಲ್ಲಿ ಬರ್ಫ ತಂದುಬಿಡು ಎಂದು ಅಂಗಡಿಯವನು ಮಕ್ಕಳಿಗೆ ಬಾಡಿಗೆಗೆ ಕೊಡುವ ಸಣ್ಣ ಸೈಕಲ್ ಕೊಟ್ಟ. ಎತ್ತರದ ಹುಡುಗರಿಗೆಂದು ಅದರ ಸೀಟನ್ನು ಪೂರ್ತಿ ಮೇಲೆತ್ತಿದ್ದ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ತುಳಿದೆ. ಬರ್ಫದ ಕಾರ್ಖಾನೆ ಹತ್ತಿರ ಬಂದಾಗ ಏನೋ ಕಳೆದುಹೋದಂತೆ ಅನಿಸಿತು. ಕಳೆದುಹೋದದ್ದು ನೋವು. ನಂಬಿಕೆಯಾಗದೆ ಸುತ್ತು ಬಳಸಿ ಹೋದೆ. ಆಗಲೂ ನೋಯಲಿಲ್ಲ.

ವಾಪಸು ಬಂದು ಎರಡೂ ಸೈಕಲ್ಲುಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕ್ರ್ಯಾಂಕನ್ನು, ಅಂದರೆ ಪೆಡಲನ್ನು ಹಿಡಿದು ತಿರುಗಿಸುವ ಕಬ್ಬಿಣದ ಕೈಯನ್ನು, ಗೇಣು ಹಾಕಿ ನೋಡಿದೆ. ಸಣ್ಣ ಸೈಕಲ್ಲಿನದು ಗಿಡ್ಡ. ಕ್ರ್ಯಾಂಕು ಗಿಡ್ಡವಾದರೆ ಪೆಡಲು ಅಷ್ಟು ಮೇಲೆ ಬರುವುದಿಲ್ಲ, ಮೊಣಕಾಲು ಅಷ್ಟು ಮಡಚುವುದಿಲ್ಲ. ಇಷ್ಟೇ! ನನ್ನಂಥ ಕುಳ್ಳನಿಗೆ ಆ ದೊಡ್ಡ ಸೈಕಲ್ಲಿನ ಉದ್ದ ಕ್ರ್ಯಾಂಕು ಮೊದಲಿನಿಂದಲೂ ಹೊಂದುವಂಥದ್ದಾಗಿರಲಿಲ್ಲ.

"ನಂಗೆ ಇದೇ ಹಾಕಿಕೊಡು" ಅಂದೆ. ಅಂಗಡಿಯವನು ನಕ್ಕ ನಗುವಿಗೆ ಪಕ್ಕದ ಚಾದ ಅಂಗಡಿಯವರೂ ಇಣುಕಿದರು.

"ಆನೆಗೆ ಆಡಿನ ಕಾಲು ಹಚ್ಚು ಅಂತ್ಯಲ್ಲ ಮಾರಾಯಾ! ಸೈಕಲ್ ಮುಂದೆ ಹೋಗುದಿಲ್ಲ ನೋಡು. ಆಮೇಲೆ ನಂಗೆ ಬೈಬೇಡ."

ಹಾಗೆಂದರೂ ಹಾಕಿಕೊಟ್ಟ. ಗಿಡ್ಡ ಕ್ರ್ಯಾಂಕಿನ ಜೊತೆ ಚೈನಿನ ಚಕ್ರವೂ ಸಣ್ಣದೇ ಬಂತು, ಚೈನಿನ ಕೊಂಡಿ ತೆಗೆದು ಗಿಡ್ಡ ಮಾಡಿದ. ಕ್ರ್ಯಾಂಕು ಕಳಚದಂತೆ ಹಿಡಿಯುವ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ. ಪೆಡಲು ಕೆಳಗೆ ಹೋದಾಗಲೂ ಮೊದಲಿಗಿಂತ ಮೇಲೇ ನಿಲ್ಲುತ್ತಿದ್ದುದರಿಂದ ಸೀಟನ್ನು ಎತ್ತರಿಸಲೇಬೇಕಾಯಿತು. ಎತ್ತರಿಸಿದ ಮೇಲೆ ನನ್ನ ಕಾಲಿಗೆ ನೆಲ ಸಿಗಲಿಲ್ಲ.

ಇಲ್ಲಿಂದ ನನ್ನ ಎರಡನೆಯ ಹೆದರಿಕೆ ಶುರುವಾಯಿತು. ಆಗ ಹುಬ್ಬಳ್ಳಿ ಕಡೆಯಿಂದ ಬೇಲೆಕೇರಿ ಬಂದರಕ್ಕೆ ಕಬ್ಬಿಣದ ಅದಿರು ಹೊತ್ತ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದ ಕಾಲ. ರಸ್ತೆ ಕೆಂಪು, ಬದಿಯ ಗಿಡ ಕೆಂಪು, ಮನೆಗೆ ಬಂದು ಮೂಗು ಸೀನಿದರೆ ಅದೂ ಕೆಂಪು. ಹಿಲ್ಲೂರಿನ ದಾರಿಗೆ ತಿರುಗುವವರೆಗೆ ಆ ಹೆದ್ದಾರಿಯಲ್ಲೇ ಹೋಗಬೇಕು. ಮೊದಲೆಲ್ಲ ಹಿಂದಿನಿಂದ ಹಾರ್ನು ಕೇಳಿದರೆ ಎಡಗಾಲು ನೆಲಕ್ಕೂರಿ ನಿಂತುಬಿಡುತ್ತಿದ್ದೆ, ಲಾರಿ ದಾಟಿದ ಮೇಲೆ ಹೊರಡುತ್ತಿದ್ದೆ. ಈಗ ನಿಂತರೆ ಬಿದ್ದೆ. ಲಾರಿಯ ಗಾಳಿ ಸೈಕಲ್ಲನ್ನು ಒಮ್ಮೆ ದೂಡಿ ಒಮ್ಮೆ ಎಳೆಯುವಾಗ ಹ್ಯಾಂಡಲ್ಲನ್ನು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ಹೊಲಿಗೆ ಮಿಷನ್ನಿನಂತೆ ಬುಡುಬುಡು ತುಳಿಯುತ್ತಲೇ ಇರಬೇಕು. ವೇಗವೂ ಕಡಿಮೆ. ಹಾಗಾಗಿ ಲಾರಿಗಳ ನಡುವೆ ಇರಬೇಕಾದ ಹೊತ್ತು ಹೆಚ್ಚು. ಸಾಲದ್ದಕ್ಕೆ ಆ ಕಾಟರ್ ಪಿನ್ನು. ಹೊಸ ಪಿನ್ನು ಸಡಿಲಾಗುತ್ತದೆ, ಬಂದು ಮತ್ತೆ ಬಡಿಸಿಕೊಂಡು ಹೋಗು ಎಂದು ಸೈಕಲ್ ಅಂಗಡಿಯವನು ಹೇಳಿದ ಮಾತು ತಲೆಯಲ್ಲಿ ಕೂತು, ಪೆಡಲು ಚೂರು ಟಕ್ ಅಂದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಎರಡು ಸಲ ಸೀಟು ಇಳಿಸಿ ನೋಡಿದೆ. ನೋವು ಮತ್ತೆ ಇಣುಕಿತು. ನೋವು ಮುಂದುವರಿದರೆ ದೋಣಿ ಎಂಬುದು ನೆನಪಾದ ಕೂಡಲೇ ಸೀಟು ತಾನಾಗಿಯೇ ಮೇಲೇರುತ್ತಿತ್ತು. ಮೋರಿಯ ಕಟ್ಟೆಗೆ, ಮೈಲುಗಲ್ಲಿಗೆ ಕಾಲು ಕೊಟ್ಟು ಹತ್ತುವುದನ್ನು ರೂಢಿ ಮಾಡಿಕೊಂಡೆ. ಮೊಣಕಾಲು ದಿನದಿನಕ್ಕೆ ಸುಧಾರಿಸಿತು. ನಾನು ಮಾತ್ರ ದಿನದಿನಕ್ಕೆ ಬಡಕಲಾದೆ.

ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ, ಸಣ್ಣ ಸೇತುವೆಯ ಇಳಿಜಾರಿನಲ್ಲಿ, ಹಿಂದಿನಿಂದ ಒಂದು ಲಾರಿ ಹಾರ್ನು ಬಾರಿಸುತ್ತ ಬಂತು. ಎದುರಿನಿಂದ ಇನ್ನೊಂದು. ಮೂವರಿಗೂ ಜಾಗವಿಲ್ಲವೆಂದು ಗೊತ್ತಾಯಿತು. ಮೊದಲು ಅವಸರದಲ್ಲಿ ಇಳಿಯುತ್ತಿದ್ದ ಅಭ್ಯಾಸದಂತೆ ಬಲಗಾಲನ್ನು ಮುಂದಿನ ಅಡ್ಡ ಕಂಬಿಯ ಮೇಲಿಂದ ಎತ್ತಿ ತಂದು, ಎಡಗಾಲಿನ ಪೆಡಲಿನ ಮೇಲೆ ಭಾರ ಹಾಕಿ ಹಾರಲು ಹೋದೆ. ಕ್ರ್ಯಾಂಕು ಗಿಡ್ಡವಾದ್ದರಿಂದ ಮುಂದಿದ್ದ ಪೆಡಲು ಹಳೆಯ ಜಾಗದವರೆಗೆ ಚಾಚಿರಲಿಲ್ಲ. ವರ್ಷಗಟ್ಟಲೆ ಎಲ್ಲಿ ಇಡುತ್ತಿದ್ದೆನೋ ಅಲ್ಲೇ ಕಾಲು ಇಟ್ಟೆ, ಅಲ್ಲಿ ಬರೀ ಗಾಳಿ.

ಗಟಾರದಲ್ಲಿ ಬಿದ್ದಾಗ ಲಾರಿಯ ಚಕ್ರದ ನಟ್ಟುಗಳು ಮುಖದ ಹತ್ತಿರವೇ ತಿರುಗುತ್ತ ಹೋದದ್ದು ಕಂಡಿತು. ಆಮೇಲೆ ಧೂಳು, ಆಮೇಲೆ ಏನೂ ಸದ್ದಿಲ್ಲ. ಬಂಗಡೆಗಳೆಲ್ಲ ಕೆಂಪು ಕೆಸರಿನಲ್ಲಿ ಹರಡಿಕೊಂಡಿದ್ದವು. ಮೊಣಕೈ ಹರಿದು ರಕ್ತ. ನಾನು ಮೊದಲು ಮಾಡಿದ ಕೆಲಸವೆಂದರೆ ಬಲಗಾಲನ್ನು ಮಡಚಿ ನೋಡಿದ್ದು. ನೋಯಲಿಲ್ಲ. ಸಂತೋಷವಾಯಿತು. ಆ ಸಂತೋಷ ನೋಡಿ ನನಗೇ ಗಾಬರಿಯಾಗಿ, ಅಲ್ಲೇ ಕೂತು ಗಟ್ಟಿಯಾಗಿ ಅತ್ತೆ.

ಸಂಜೆ ಸಮುದ್ರಕ್ಕೆ ಹೊರಡುವ ಮುಂಚೆ ಅಣ್ಣ ಮನೆಗೆ ಬಂದ. ಸುದ್ದಿ ಆಗಲೇ ಮುಟ್ಟಿತ್ತು. ಅವನು ಬಾಯಿ ತೆರೆಯುವ ಮೊದಲೇ ನಾನು ಕೂಗಿಬಿಟ್ಟೆ:

"ದೋಣಿಗೆ ಬಾ ಅಂತ ಮಾತ್ರ ಹೇಳಬೇಡ! ಲಾರಿ ಅಡಿಗೆ ಸತ್ರೂ ಅಡ್ಡಿಲ್ಲ, ನಾ ಬರುದಿಲ್ಲ. ನಂಗೆ ನೀರು ಅಂದ್ರೆ ಹೆದ್ರಿಕೆ!"

ಹೇಳಬಾರದೆಂದು ಅಷ್ಟು ವರ್ಷ ಬಚ್ಚಿಟ್ಟ ಮಾತು. ಅಣ್ಣ ನಗುತ್ತಾನೆ ಎಂದುಕೊಂಡೆ. ಅವನು ಜಗಲಿಯ ಮೇಲೆ ಕೂತು ಅಂಗೈಯ ಬಿರುಕುಗಳನ್ನು ನೋಡಿಕೊಂಡ.

"ನಂಗೂ ಹೆದ್ರಿಕೆಯೇ ತಮಾ" ಅಂದ. "ದೋಣಿಲಿ ಜೊತೆಗಿದ್ದಂವ ಗೋವಾಕ್ಕೆ ಟ್ರಾಲರ್ ಕೆಲ್ಸಕ್ಕೆ ಹೋದ್ಮೇಲೆ ಒಬ್ನೇ ಹೋಗ್ತೆ. ದಡದ ದೀಪ ಕಾಣುವಷ್ಟೇ ದೂರ. ಅದ್ರಿಂದಾಚೆ ಹೋಗುಕೇ ಆಗುದಿಲ್ಲ. ನಾ ಕರೀತಿದ್ದದ್ದು ನಿನ್ನ ಕಾಲಿನ ಸಲುವಾಗಿ ಅಲ್ಲ."

ನಾನು ಬರುತ್ತೇನೆ ಎಂದು ಹೇಳಬೇಕೆನಿಸಿತು. ಬರುವ ಧೈರ್ಯವಿರಲಿಲ್ಲ. ಅವನೂ ಕಾಯಲಿಲ್ಲ. ಎದ್ದು, ಬಲೆ ಹೆಗಲಿಗೆ ಹಾಕಿಕೊಂಡು ದಡದ ಕಡೆ ನಡೆದ.

ಬೆಳಗಾಗುವಾಗ ನಾನು ದಡದಲ್ಲಿದ್ದೆ. ಸಮುದ್ರವನ್ನು ಅಷ್ಟು ಹೊತ್ತು ಎವೆಯಿಕ್ಕದೆ ನೋಡಿದ್ದು ಅದೇ ಮೊದಲು. ಅವನ ದೋಣಿ ಕಂಡ ಮೇಲೆಯೇ ಉಸಿರು ಸರಿಯಾಗಿ ಬಂತು. ಇಬ್ಬರೂ ಮೀನು ತುಂಬಿ ಪೆಟ್ಟಿಗೆ ಬಿಗಿದೆವು. ಅಣ್ಣ ಸೈಕಲ್ಲನ್ನು ಮರಳಿನಿಂದ ದೂಡಿ ಟಾರು ರಸ್ತೆಗೆ ತಂದ, ಹಿಂದಿನಿಂದ ಪೆಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದ, ಸಣ್ಣ ಮಗುವಿಗೆ ಕಲಿಸುವವನಂತೆ. ನಾನು ಹತ್ತಿದೆ.

"ಬಿಡ್ಲಾ?"

"ಇನ್ನೂ ಸ್ವಲ್ಪ ಹಿಡ್ಕೊ."

ಒದ್ದೆ ಚಡ್ಡಿಯಲ್ಲಿ ಅವನು ಜೊತೆಗೆ ಓಡಿದ. ನಂತರ ಕೈ ಬಿಟ್ಟದ್ದು ಬೆನ್ನಿಗೆ ಗೊತ್ತಾಯಿತು. ತಿರುಗಿ ನೋಡದೆ ಕೂಗಿದೆ:

"ನಾಳೆಯೂ ದಡಕ್ಕೆ ಬಂದು ಹಿಡೀಬೇಕು! ನೀ ಹಿಡೀದಿದ್ರೆ ನಂಗೆ ಹತ್ತುಕೇ ಆಗುದಿಲ್ಲ!"

ಹತ್ತಲು ನನಗೆ ಒಂದು ಮೈಲುಗಲ್ಲಾದರೂ ಸಾಕಿತ್ತು, ಹೇಳಿದ್ದು ಸುಳ್ಳೆಂದು ಅವನಿಗೂ ಗೊತ್ತಿತ್ತು. ಏದುಸಿರು ಬಿಡುತ್ತಲೇ "ಬತ್ತೆ, ಬತ್ತೆ" ಅಂದ.