ಭೂತಮ್ಮ ಬೆಂಕಿ ಹಾಕದ ದಿನ

ಕೊಬ್ಬರಿಯಾಗಿದ್ದರೆ ಭೂತಮ್ಮನನ್ನು ಕೊಬ್ಬರಿ, ಇದ್ದಲಿನ ವ್ಯಾಪಾರಿ ದಯಾನಂದ ಎರಡನೇ ದರ್ಜೆಗೆ ಹಾಕುತ್ತಿದ್ದ: ಮೇಲೆಲ್ಲ ಸುಕ್ಕು, ಅಲ್ಲಾಡಿಸಿದರೆ ಕೆಮ್ಮು, ಒಳಗೆ ಮಾತ್ರ ಸಿಹಿ. ಕಂದಿಕೆರೆ ರಸ್ತೆಯ ಪಕ್ಕದ ಗುಂಡಿಯಲ್ಲಿ ತೆಂಗಿನ ಚಿಪ್ಪು ಸುಟ್ಟು ಅವಳು ಮಾಡುತ್ತಿದ್ದ ಇದ್ದಲನ್ನು ಅವನು ಕೊಂಡು ಮಾರುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ, ಹವಾಮಾನ ಕೆಡುತ್ತಿದೆಯೆಂದು ಪುರಸಭೆ ಊರಿನ ಹೊಗೆ ಅಳೆಯಲು ಹೊರಟಿತು. ಹೊಗೆ ಹೆಚ್ಚಿರುವ ಕಡೆ ಚಿಮಣಿಯಿರುವ ಮುಚ್ಚಿದ ಒಲೆಯೊಂದನ್ನು ಕಟ್ಟಿಸಿಕೊಡುವ ಯೋಜನೆ. ಭೂತಮ್ಮನ ಕೆಮ್ಮುವ ಎದೆಗೆ ಅದು ಬೇಕೇ ಬೇಕಿತ್ತು. ಅಳೆಯುವವರು ನಾಳೆ ಬರುತ್ತಾರೆಂದು ದಯಾನಂದನೇ ಹೋಗಿ ಅವಳಿಗೆ ಹೇಳಿ ಬಂದ.

ಮರುದಿನ ಸಂಜೆ ನೋಡಿದರೆ ಗುಂಡಿ ತಣ್ಣಗಿತ್ತು. ಸುತ್ತ ಸಾರಿಸಿ ರಂಗೋಲಿ ಬಿಟ್ಟಿತ್ತು. ಬಂದವರು ಮಜ್ಜಿಗೆ ಕುಡಿದು, ಇಲ್ಲಿ ಹೊಗೆಯೇ ಇಲ್ಲವೆಂದು ಬರೆದುಕೊಂಡು ಹೋಗಿದ್ದರು.

"ಬೆಂಕಿ ಯಾಕಮ್ಮ ಹಾಕ್ಲಿಲ್ಲ? ಅವ್ರು ಬಂದಿದ್ದೇ ಹೊಗೆ ನೋಡಕ್ಕೆ!" ಎಂದ ದಯಾನಂದ.

"ಬಾಗ್ಲಿಗೆ ಬಂದೋರ ಕಣ್ಗೆ ಹೊಗೆ ಹಾಕಕಾಯ್ತದೇನಪ್ಪ? ಯಾಪಾರದೋನಿಗೆ ಮರ್ಯಾದೆ ಏನ್ ಗೊತ್ತು, ಬುಡು!" ಎಂದಳು ಭೂತಮ್ಮ.

ಇನ್ನೊಮ್ಮೆ ಅಳೆಯಿರೆಂದು ಅವನು ಪುರಸಭೆಗೆ ಅಲೆದ. ಅಷ್ಟರಲ್ಲಿ ಒಲೆ ಬೇರೆ ಕಡೆಗೆ ಮಂಜೂರಾಗಿತ್ತು. ಭೂತಮ್ಮ ಅದೇ ಹೊಗೆಯಲ್ಲಿ ಇನ್ನೆರಡು ವರ್ಷ ಚಿಪ್ಪು ಸುಟ್ಟು, ಉಸಿರು ಸಾಲದೆ ಗುಂಡಿ ಬಿಟ್ಟಳು. ಹೊಗೆ ಕಂಡರೇ ಒಲೆ ಸಿಗುವುದೆಂದು ಹಿಂದಿನ ದಿನವೇ ಬಿಡಿಸಿ ಹೇಳಬೇಕಿತ್ತು ಎಂದು ದಯಾನಂದನಿಗೆ ಈಗಲೂ ಅನ್ನಿಸುತ್ತದೆ. ಇದ್ದಲಿನ ವ್ಯಾಪಾರದಲ್ಲಿ ಅವನಿಗೆ ಬಂದ ಹೆಸರೆಲ್ಲ ಅವಳಿಂದ ಬಂದದ್ದು.