ತೆರೆಯದ ಸೀಸೆ

ಐದು ಮಕ್ಕಳಿಗೆ ಸಾಲುವ ದಡಾರದ ಲಸಿಕೆಯ ಸೀಸೆಯನ್ನು ಒಮ್ಮೆ ತೆರೆದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದೇ ಮಗು ಬಂದರೂ ತೆರೆಯಿರಿ ಎನ್ನುತ್ತದೆ ನಿಯಮ. ಆದರೆ ಪೋಲಾದ ಲಸಿಕೆಗೆ ಮೇಲಿನವರಿಂದ ಬೈಸಿಕೊಳ್ಳುವವಳು ನರ್ಸಾದ ನಾನು.

ಆ ಗುರುವಾರ ಕುಮಟೆಯ ಕಡೆಯ ಒಂದು ಅಂಗನವಾಡಿಗೆ ಮಗಳನ್ನು ಎತ್ತಿಕೊಂಡು ಬಂದವಳು ನಾಗವೇಣಿ ಒಬ್ಬಳೇ. ಹೊಳೆಯಲ್ಲಿ ಚಿಪ್ಪಿ ಹೆಕ್ಕಿ ಮಾರುವ ಹೆಂಗಸು.

“ಇನ್ನೂ ನಾಲ್ಕು ಮಕ್ಕಳು ಸೇರಲಿ, ಮುಂದಿನ ವಾರ ಬಾ,” ಅಂದೆ.

“ಎಂತ ಸಿಸ್ಟ್ರೇ, ನನ್ನ ಹುಡ್ಗಿ ಒಬ್ಳು ಸಾಲೂದಿಲ್ವಾ? ಕೆಲಸ ಬಿಟ್ಟು ಮತ್ತೆ ಬರೂಕೆ ಆಗೂದಿಲ್ಲ.”

“ಒಂದು ವಾರಕ್ಕೆ ಎಂತದೂ ಆಗೂದಿಲ್ಲ,” ಎಂದು ಐಸ್ ಪೆಟ್ಟಿಗೆಯ ಮುಚ್ಚಳ ಹಾಕಿದೆ.

“ಆತು,” ಎಂದು ಅವಳು ಹೋದಳು.

ಮುಂದಿನ ವಾರ ಅವಳು ಬರಲಿಲ್ಲ. ನಾನೂ ಹುಡುಕಿಕೊಂಡು ಹೋಗಲಿಲ್ಲ. ಎರಡು ತಿಂಗಳ ಮೇಲೆ ಆ ಮಗುವಿಗೆ ದಡಾರ ಬಂತು. ಜೀವ ಉಳಿಯಿತು. ಆದರೆ ಕಿವಿ ಸೋರಿ ಸೋರಿ, ಕೊನೆಗೆ ಹಿಂದಿನಿಂದ ಕರೆದರೆ ಮಗು ತಿರುಗದಂತಾಯಿತು.

ಸುದ್ದಿ ತಿಳಿದು ಮನೆಗೆ ಹೋದೆ. ನಾಗವೇಣಿ ಬೈಯುತ್ತಾಳೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳು ಕುರ್ಚಿ ಒರೆಸಿ ಕೊಟ್ಟು, “ತಪ್ಪು ನಂದೇ ಸಿಸ್ಟ್ರೇ, ಇನ್ನೊಂದ್ಸಲ ಬರ್ಬೇಕಾಗಿತ್ತು,” ಅಂದಳು.

ಅಲ್ಲ ಎನ್ನಬೇಕಿತ್ತು ನಾನು. “ಹೌದು, ಬರ್ಬೇಕಾಗಿತ್ತು,” ಅಂದೆ. ಜನರಿಗೆ ತಿಳುವಳಿಕೆ ಹೇಳುವುದು ನಮ್ಮ ಕೆಲಸದ ಭಾಗವೇ ಅಲ್ಲವೇ.