ಹಡಗಿನ ತೊಲೆ

ನನ್ನ ಅಣ್ಣ ಭೀಮಣ್ಣನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಆ ಕೈ ನೋಡಿದವರು ಅಫಜಲಪುರದಲ್ಲಿ ಈಗಲೂ ಇದ್ದಾರೆ, ಬೇಕಾದರೆ ಹೋಗಿ ಕೇಳಿ. ಉಳಿದ ನಾಲ್ಕು ಬೆರಳು ಹೇಗೆ ಹೋದವು ಅನ್ನುವುದನ್ನು ಮಾತ್ರ ನನ್ನನ್ನೇ ಕೇಳಬೇಕು... ಆ ರಾತ್ರಿ ಅಲ್ಲಿದ್ದವರು ನಾವಿಬ್ಬರೇ.

ನಾವು ಕಿಣ್ಣಿ ಸುಲ್ತಾನ ಅನ್ನುವ ಊರಿನ ಬಡಿಗರು. ಜಗತ್ತಿನ ಎರಡನೇ ದೊಡ್ಡ ಲಡಾಯಿ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ಅಫಜಲಪುರದ ಸಾಹುಕಾರರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಊರಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ತಮ್ಮ ಮನೆಯಲ್ಲಿರಬೇಕು ಅನ್ನುವ ಹುಚ್ಚು ಅವರಿಗೆ. ಮುಂಬಯಿಗೆ ಹೋದವರು ಬಂದರಿನ ಹತ್ತಿರ ಒಂದು ಹಳೇ ತೊಲೆ ಕೊಂಡರು. ರೈಲಿನಲ್ಲಿ ದುಧನಿಯ ತನಕ ತರಿಸಿ, ಅಲ್ಲಿಂದ ಎರಡು ಜೋಡಿ ಎತ್ತು ಹೂಡಿ ಎಳೆಸಿದರು.

"ಇದು ಸಾದಾ ಕಟ್ಟಿಗಿ ಅಲ್ಲೋ ಭೀಮಣ್ಣಾ. ಫ್ರೆಂಚರ ಲಡಾಯಿ ಹಡಗಿಂದು," ಅಂದರು, ಮೀಸೆ ತಿರುವುತ್ತ.

ಆಮೇಲೆ ಅದರ ಪೂರಾ ಚರಿತ್ರೆ ಹೇಳಿದರು. ಮೂರು ಕಂಬದ ಹಾಯಿ ಹಡಗು, ಎರಡೂ ಮಗ್ಗುಲಿಗೆ ತೋಪುಗಳ ಸಾಲು. ನೂರು ವರ್ಷಕ್ಕೂ ಹಿಂದೆ ಇಂಗ್ರೇಜರು ಅದನ್ನು ಸಮುದ್ರದ ನಡುವೆ ಬೆನ್ನಟ್ಟಿ ಹಿಡಿದರಂತೆ. ಬಾವುಟ ಇಳಿಸಿ ತಮ್ಮದು ಏರಿಸಿದರು, ಹೆಸರು ಹೆರೆದು ಹೊಸ ಹೆಸರಿಟ್ಟರು, ಫ್ರೆಂಚರ ಮೇಲೆಯೇ ಲಡಾಯಿಗೆ ಕಳಿಸಿದರು. ಹಡಗಿಗೆ ವಯಸ್ಸಾದ ಮೇಲೆ ಕಂಬ ಕಿತ್ತು, ಮುಂಬಯಿ ಬಂದರಿನಲ್ಲಿ ಕಟ್ಟಿ, ಸಾಮಾನು ತುಂಬುವ ಗೋದಾಮು ಮಾಡಿಕೊಂಡರು. ಕೊನೆಗೆ ಒಡೆದು ಮಾರಿದರು.

"ಮತ್ತ ಅದರಾಗಿನ ಮಂದಿ ಏನಾದ್ರುರಿ?" ಅಣ್ಣ ಕೇಳಿದ.

"ಕೆಳಗ ದಬ್ಬಿ ಕೀಲಿ ಹಾಕಿದ್ರಂತ. ಸಮುದ್ರದ ದಂಡಿ ಸಿಗೂ ತನಕ ಮ್ಯಾಲಿನ ಹಲಗಿ ಬಡಕೋತ ಇದ್ರಂತ. ಯಾರ್ ತಗೀತಾರೋ?" ಸಾಹುಕಾರರು ನಕ್ಕರು. ಅಣ್ಣ ನಗಲಿಲ್ಲ.

ಅದು ಸಾಗವಾನಿ ಅಲ್ಲ. ಕಪ್ಪಗೆ, ಕಲ್ಲಿನಷ್ಟು ಗಟ್ಟಿ. ಉಳಿ ಇಟ್ಟರೆ ಜಾರುತ್ತಿತ್ತು. ಒಂದು ಮಗ್ಗುಲಿಗೆ ಕಾಗೆಯ ಕಾಲಿನಂಥ ಬಾಣದ ಗುರುತು ಕೊರೆದಿತ್ತು. ಇಂಗ್ರೇಜ್ ಸರಕಾರದ ಮುದ್ರೆಯಂತೆ. ಅದರ ಕೆಳಗೆ ಹಳೆಯ ಅಕ್ಷರಗಳನ್ನು ಹೆರೆದು ತೆಗೆದ ತಗ್ಗು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ನಡುಮನೆಯ ತೊಲೆ ತನ್ನ ಜಾಗದಲ್ಲಿ ಕೂರುವ ತನಕ ಬಡಿಗರು ಬಾಯಿ ಬಿಡುವಂತಿಲ್ಲ. ಮಾತೆಲ್ಲ ಕೊಡತಿಯಲ್ಲೇ, ಮರದ ಸುತ್ತಿಗೆಯ ಪೆಟ್ಟಿನಲ್ಲೇ. ತೊಲೆಗೆ ಒಂದು ಪೆಟ್ಟು ಬಡಿದರೆ, ನಾನು ಹಿಡಿದಿದ್ದೇನೆ, ನೀನು ಕೆಲಸ ಮಾಡು ಅಂತ. ಎರಡು ಬಡಿದರೆ, ಬೆಣೆ ತೆಗೆ ಅಂತ. ತಿರುಗಿ ಕೇಳುವಂತಿಲ್ಲ. ಅಪ್ಪನ ಕಾಲದಿಂದ ಹೀಗೇ ನಡೆದಿತ್ತು, ಯಾರ ಉಗುರಿಗೂ ಪೆಟ್ಟಾಗಿರಲಿಲ್ಲ.

ಮುಹೂರ್ತ ಬೆಳಗಿನ ಜಾವಕ್ಕಿತ್ತು. ಆಳುಗಳು ತೊಲೆಯನ್ನು ಗೋಡೆಗೆ ಏರಿಸಿಟ್ಟು ಸಂಜೆಗೇ ಹೋಗಿದ್ದರು. ಅಣ್ಣ ಒಳಕೋಣೆಯಲ್ಲಿ, ನಾನು ಪಡಸಾಲೆಯಲ್ಲಿ, ನಡುವೆ ಗೋಡೆ. ಗೋಡೆ ತೂರಿ ತೊಲೆ ಎರಡೂ ಕಡೆ ಚಾಚಿತ್ತು. ಅದನ್ನು ತಡೆದು ನಿಲ್ಲಿಸಿದ ಬೆಣೆ ನನ್ನ ಕಡೆ. ನಾನು ತೆಗೆದರೆ ತೊಲೆ ಒಂದು ಗೇಣು ಜಾರಿ, ಅಣ್ಣನ ಕಡೆಯ ಎದುರು ಗೋಡೆಯ ಗೂಡಿನಲ್ಲಿ ಕೂರಬೇಕು. ಅಷ್ಟೇ ಕೆಲಸ.

ಮೊದಲು ಬಂದದ್ದು ವಾಸನೆ... ಉಪ್ಪು, ಡಾಂಬರು, ಕೊಳೆತ ಹಗ್ಗ. ಆಮೇಲೆ ನೀರು ತುಳುಕುವ ಸದ್ದು. ಬೇಸಿಗೆ ಅದು, ಭೀಮಾ ನದಿಯೇ ಬತ್ತಿತ್ತು. ಸದ್ದು ತೊಲೆಯ ಒಳಗಿಂದ ಬರುತ್ತಿತ್ತು. ತೊಲೆಗೆ ತೂಗುಹಾಕಿದ್ದ ಕಂದೀಲು ಆ ಕಡೆ, ಈ ಕಡೆ... ನಿಧಾನಕ್ಕೆ ಓಲಾಡತೊಡಗಿತು. ಗಾಳಿ ಇರಲಿಲ್ಲ.

ಅಣ್ಣಾ ಅಂತ ಒಂದು ಸಲ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಪದ್ಧತಿ ಅಡ್ಡ ಬಂತು. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಟಕ್... ಟಕ್.

ಎರಡು ಪೆಟ್ಟು. ಸ್ಪಷ್ಟವಾಗಿ, ಅಣ್ಣನ ಕಡೆಯಿಂದ. ನಾನು ಬೆಣೆ ತೆಗೆದೆ. ತೊಲೆ ಸದ್ದಿಲ್ಲದೆ ಜಾರಿತು. ಕಂದೀಲು ಓಲಾಡುವುದನ್ನು ನಿಲ್ಲಿಸಿತು.

ಅಣ್ಣ ಚೀರಲಿಲ್ಲ. ಸುತ್ತಿ ಬಂದು ನೋಡಿದರೆ ಗೋಡೆಗೆ ಒರಗಿ ನಿಂತಿದ್ದ, ಕೈ ಗೂಡಿನಲ್ಲಿ ಸಿಕ್ಕಿಬಿದ್ದಿತ್ತು. ರಕ್ತ ಮೊಣಕೈ ತನಕ ಇಳಿದಿತ್ತು.

"ಯಾಕ ತಗದಿ ಮಲ್ಲ್ಯಾ?" ಪಿಸುಗುಟ್ಟಿದ.

"ನೀ ಎರಡು ಬಡದ್ಯಲ್ಲೋ ಅಣ್ಣಾ."

"ನನ್ನ ಕೊಡತಿ ಅಲ್ಲಿ ಮೂಲ್ಯಾಗ ಬಿದ್ದದ ನೋಡು. ನಾ ಎಲ್ಲಿ ಬಡದೆ? ನೀ ಒಂದು ಬಡದಿ... ಹಿಡದಿ ಅಂತ ತಿಳದು ಗೂಡಿನ ಮಣ್ಣ ತಗ್ಯಾಕ ಕೈ ಹಾಕ್ದೆ."

ನಾನು ಬಡಿದಿರಲಿಲ್ಲ. ಹೇಳಿದೆ.

ಹಾರೆ ಹಾಕಿ ತೊಲೆ ಸರಿಸಿ ಕೈ ಬಿಡಿಸಿದೆ, ರುಮಾಲು ಹರಿದು ಕಟ್ಟಿದೆ. ಹೆದರಿಕೆ ಬರಲಿಲ್ಲ, ಅಳು ಬರಲಿಲ್ಲ. ಮೈಯೆಲ್ಲ ಮರಗಟ್ಟಿತ್ತು. ಮುಹೂರ್ತಕ್ಕೆ ಸರಿಯಾಗಿ ನಾನೊಬ್ಬನೇ ತೊಲೆ ಕೂರಿಸಿದೆ ಅಂದರೆ ನಂಬುತ್ತೀರಾ? ಕೂರಿಸಿದೆ. ಸಾಹುಕಾರರ ಮನೆಯವರು ಈಗಲೂ ಅದರ ಕೆಳಗೇ ಉಣ್ಣುತ್ತಾರೆ.

ಅಣ್ಣ ಮತ್ತೆ ಉಳಿ ಹಿಡಿಯಲಿಲ್ಲ. ಎಡಗೈಯಲ್ಲಿ ಕಲಿಯಲು ಒಂದು ತಿಂಗಳು ಒದ್ದಾಡಿ ಬಿಟ್ಟ. ನಾನು ದುಡಿದೆ, ರೊಟ್ಟಿ ಮುರಿದು ತಾಟಿಗೆ ಹಾಕಿಕೊಟ್ಟೆ. ಅವನು ಬಯ್ಯಲಿಲ್ಲ, ಆ ರಾತ್ರಿಯ ಬಗ್ಗೆ ಕೇಳಲಿಲ್ಲ. ನನಗೂ ಏನೂ ಅನ್ನಿಸುತ್ತಿರಲಿಲ್ಲ. ದಿನ ಹೋಗುತ್ತಿದ್ದವು, ಅಷ್ಟೇ. ಆದರೆ ರಾತ್ರಿ ಕಂದೀಲು ಆರಿಸಲು ಅವನು ಬಿಡುತ್ತಿರಲಿಲ್ಲ. ಲಡಾಯಿ ಕಾಲದಲ್ಲಿ ಸೀಮೆಎಣ್ಣೆ ಸಿಗದಾಗ ಹರಳೆಣ್ಣೆ ದೀಪ ಹಚ್ಚಿಟ್ಟೆವು.

ಲಡಾಯಿ ಮುಗಿದ ವರ್ಷ ಅವನಿಗೆ ಜ್ವರ ಬಂತು. ಏಳುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಒಂದು ಸಂಜೆ ಹತ್ತಿರ ಕರೆದ.

"ಸಿಟ್ಟಿಲ್ಲೋ ಮಲ್ಲ್ಯಾ. ಖರೇ ಹೇಳು. ಆ ಒಂದು ಪೆಟ್ಟು... ನೀನ ಬಡದಿದ್ದಿ, ಹೌದಿಲ್ಲೋ?"

ಅವನ ಕಣ್ಣು ನೋಡಿದೆ. ಇಲ್ಲ ಅಂದರೆ ಆ ಹೆದರಿಕೆಯನ್ನು ಹೊತ್ತುಕೊಂಡೇ ಸಾಯುತ್ತಾನೆ.

"ಹೌದಣ್ಣಾ. ನಾನ ಬಡದೆ. ಮರ್ತಿದ್ದೆ."

"ಹಂಗಾದ್ರ ಛಲೋ ಆತು ಬಿಡು," ಅಂದು ಉದ್ದಕ್ಕೆ ಉಸಿರು ಬಿಟ್ಟ. "ಕಂದೀಲ ಆರಸು. ಕಣ್ಣಿಗೆ ಚುಚ್ಚಾಕತ್ತದ."

ಆರಿಸಿದೆ. ಬೆಳಗ್ಗೆ ಅವನು ಏಳಲಿಲ್ಲ.

ನಾನು ಹೇಳಿದ್ದು ಸುಳ್ಳು. ಆ ರಾತ್ರಿ ಕೊಡತಿ ನನ್ನ ಕಾಲ ಬುಡದಲ್ಲಿತ್ತು, ನಾನು ಮುಟ್ಟಿರಲಿಲ್ಲ. ಆದರೆ ಇತ್ತೀಚೆಗೆ... ಬಗ್ಗಿ ಅದನ್ನು ಎತ್ತಿಕೊಂಡದ್ದು, ಒಂದೇ ಒಂದು ಸಲ ಬಡಿದದ್ದು ನನಗೆ ನೆನಪಾಗತೊಡಗಿದೆ.